ಲೆನ್ಸ್ ಲೆಕ್ಕ - 4: ಒಂದೂವರೆ ಕೆಜಿ ಆಸೆ

"ಮಗಾ, 70-200 ತಗೊಂಡ್ಬಿಡ್ಲಾ?" ಈ ವಾರ ಇದೇ ಪ್ರಶ್ನೆ ಮೂರು ಜನ ಕೇಳಿದ್ರು. ಒಬ್ಬನಂತೂ ಅಮ್ಮನ ಬಳೆ ಅಡ ಇಟ್ಟಾದ್ರೂ ತಗೋತೀನಿ ಅಂತಿದಾನೆ. ಅದಕ್ಕೇ ಈ ಪೋಸ್ಟ್. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಲೆನ್ಸ್ ಸೂಪರ್. ಆದ್ರೆ ಸಾಲ ಮಾಡಿ ಕೊಳ್ಳಬೇಡಿ, ಬಾಡಿಗೆಗೆ ತಗೊಳ್ಳಿ.

ಮೊನ್ನೆ ಕಾಲೇಜು ಕಬಡ್ಡಿ ಟೂರ್ನಮೆಂಟಿಗೆ ಕ್ಯಾನನ್ ಇಎಫ್ 70-200 ಎಫ್ 2.8, ಮೂರನೇ ಆವೃತ್ತಿ, ಎರಡು ದಿನ ಬಾಡಿಗೆಗೆ ತಂದಿದ್ದೆ.

ತೂಕ:
1,480 ಗ್ರಾಂ. ನಮ್ಮಲ್ಲಿ ಬಹಳಷ್ಟು ಜನ ಬಳಸೋ 55-250 ಬರೀ 375 ಗ್ರಾಂ. ಅಂದ್ರೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಕ್ಯಾಮೆರಾ ಹಿಡಿದು ಲೆನ್ಸ್ ಜೋತು ಬಿಡೋ ಹಾಗಿಲ್ಲ, ಎಡಗೈ ಲೆನ್ಸಿನ ಕೆಳಗೇ ಇರ್ಬೇಕು. ಅರ್ಧ ಗಂಟೆಗೆ ಮಣಿಕಟ್ಟು ಮಾತಾಡೋಕೆ ಶುರು ಮಾಡುತ್ತೆ. ಜೂಮ್ ಮಾಡಿದ್ರೂ ಉದ್ದ ಬದಲಾಗಲ್ಲ, ಹಾಗಾಗಿ ಬ್ಯಾಲೆನ್ಸ್ ಮಾತ್ರ ಕೆಡಲ್ಲ.

ಬೆಳಕು:
ದುಡ್ಡು ಹೋಗೋದು ಇದಕ್ಕೇ. 200 ಎಂಎಂನಲ್ಲಿ ನಮ್ಮ ಕಿಟ್ ಲೆನ್ಸ್ ತೆರೆಯೋದು ಎಫ್ 5.6ರವರೆಗೆ. ಇದು 2.8, ಅಂದ್ರೆ ನಾಲ್ಕು ಪಟ್ಟು ಬೆಳಕು. ಸಂಜೆ ಫ್ಲಡ್‌ಲೈಟಿನಲ್ಲಿ 1/125 ಸೆಕೆಂಡಿಗೆ ಕಲಸಿಹೋಗ್ತಿದ್ದ ರೈಡರ್, ಅದೇ ಐಎಸ್‌ಒನಲ್ಲಿ 1/500ಕ್ಕೆ ಗಾಳಿಯಲ್ಲೇ ನಿಂತ. ನೋಡಿ ರೋಮಾಂಚನ ಆಯ್ತು, ಸುಳ್ಳು ಹೇಳಲ್ಲ.

ಆದ್ರೆ:
ಲೆನ್ಸಿನ ಸ್ಟೆಬಿಲೈಸರ್ ನಮ್ಮ ಕೈ ನಡುಕ ತಡೆಯುತ್ತೆ, ಆಟಗಾರನ ಓಟ ತಡೆಯಲ್ಲ. 2.8ರಲ್ಲಿ ಫೋಕಸ್ ಸ್ವಲ್ಪ ತಪ್ಪಿದ್ರೂ ಚಾಚಿದ ಕೈ ಶಾರ್ಪ್, ಮುಖ ಮಸುಕು. ಯಾವ ಕ್ಷಣಕ್ಕೆ ಬಟನ್ ಒತ್ತಬೇಕು ಅನ್ನೋದು ಯಾವ ಲೆನ್ಸಿನ ಡಬ್ಬಿಯಲ್ಲೂ ಬರಲ್ಲ. ಇನ್ನು ರಂಗನತಿಟ್ಟಿಗೆ ಹೋಗಿ ಹಕ್ಕಿ ತೆಗಿಬೇಕು ಅಂತಿದ್ರೆ, ದೂರದ ಮರದ ಕೊಕ್ಕರೆಗೆ 200 ಸಾಲಲ್ಲ.

ಈಗ ಬಿಕಾಂ ಲೆಕ್ಕ:
ಉದಾಹರಣೆಗೆ ಲೆನ್ಸ್ 1,50,000 ರೂ., ಬಾಡಿಗೆ ದಿನಕ್ಕೆ 1,000 ರೂ. ಅಂತ ಇಟ್ಕೊಳ್ಳಿ. ಬ್ರೇಕ್ ಈವನ್ 150 ದಿನ. ನಮಗೆ ಇದು ನಿಜವಾಗ್ಲೂ ಬೇಕಾಗೋದು ವರ್ಷಕ್ಕೆ ಎಷ್ಟು ದಿನ? ಫೆಸ್ಟು, ಸ್ಪೋರ್ಟ್ಸ್ ಡೇ ಎಲ್ಲಾ ಸೇರಿ ಐದು ಅಂದ್ರೂ 30 ವರ್ಷ! ಬಡ್ಡಿ ಇನ್ನೂ ಸೇರಿಸಿಲ್ಲ. "ಬೇಡ ಅಂದಾಗ ಮಾರಿದ್ರೆ ದುಡ್ಡು ಬರುತ್ತಲ್ಲ" ಅಂತೀರಾ? ಬರುತ್ತೆ, ಆದ್ರೆ ಪೂರ್ತಿ ಬರಲ್ಲ. ಮಳೆಗಾಲದಲ್ಲಿ ಬ್ಯಾಗಿನಲ್ಲೇ ಮುಚ್ಚಿಟ್ಟು ಫಂಗಸ್ ಹಿಡಿಸಿದ್ರೆ ಅದೂ ಇಳಿಯುತ್ತೆ.

ಮದುವೆ, ಮ್ಯಾಚ್ ಅಂತ ತಿಂಗಳಿಗೆ ಎಂಟು-ಹತ್ತು ಆರ್ಡರ್ ಇರೋರ ಕಥೆ ಬೇರೆ. ಅವರಿಗೆ ಇದು ದುಡಿಯೋ ಆಸ್ತಿ, ಕಣ್ಮುಚ್ಚಿ ತಗೊಳ್ಳಲಿ. ಆರ್ಡರ್ ಇಲ್ಲದ ನಮಗೆ ಅದು ಇಎಂಐ ಕಟ್ಟಿಸಿಕೊಳ್ಳೋ ಶೋಪೀಸ್. ಕುತ್ತಿಗೆಗೆ ದೊಡ್ಡ ಬಿಳಿ ಲೆನ್ಸ್ ನೇತಾಕ್ಕೊಂಡ್ರೆ ಜನ ದಾರಿ ಬಿಡ್ತಾರೆ ನಿಜ. ಆ ಗತ್ತಿಗೆ ಅಪ್ಪ-ಅಮ್ಮ ಯಾಕೆ ಬಡ್ಡಿ ಕಟ್ಬೇಕು?

ಮೊದಲು ಮೂರು ಸಲ ಬಾಡಿಗೆಗೆ ತಗೊಳ್ಳಿ. ಆ ಫೋಟೋಗಳಿಗೆ ಯಾರಾದ್ರೂ ದುಡ್ಡು ಕೊಟ್ರೆ ಅದನ್ನ ಬೇರೆ ಎತ್ತಿಡಿ. ಆ ದುಡ್ಡೇ ಬೆಳೆದು ಲೆನ್ಸ್ ಆಗ್ಲಿ. ಬಳೆ ಅಮ್ಮನ ಕೈಯಲ್ಲೇ ಇರ್ಲಿ ಮಗಾ.

ಒಪ್ಪದೇ ಇರೋರು ಕಾಮೆಂಟಿಗೆ ಬನ್ನಿ, ಲೆಕ್ಕದ ಸಮೇತ. ತಗೊಳ್ಳೋ ಯೋಚನೇಲಿರೋ ಫ್ರೆಂಡಿಗೆ ಇದನ್ನ ಇವತ್ತೇ ಕಳಿಸಿ.

#ಲೆನ್ಸ್‌ಲೆಕ್ಕ #ಕನ್ನಡಫೋಟೋಗ್ರಫಿ #ಬಿಕಾಂಬುದ್ಧಿ