ಕೊಡಲು ಹಿಂಜರಿಯುವ ನಾವು



‘ಇನ್ನು ಇನ್ಸುಲಿನ್ ಬೇಕಿಲ್ಲ’ ಎಂಬ ತಲೆಬರಹದೊಡನೆ ಐಲೆಟ್ ಕೋಶಗಳ ಕಸಿಯ ಸುದ್ದಿಯನ್ನು ನಾವು ವಾಟ್ಸಾಪ್‌ನಲ್ಲಿ ಉತ್ಸಾಹದಿಂದ ಹಂಚುತ್ತೇವೆ. ಆ ಕೋಶಗಳು ಎಲ್ಲಿಂದ ಬರುತ್ತವೆ ಎಂದು ಮಾತ್ರ ಕೇಳುವುದಿಲ್ಲ.

ಅವು ಬರುವುದು ಮೃತ ದಾನಿಯ ಮೇದೋಜೀರಕ ಗ್ರಂಥಿಯಿಂದ. ಟೈಪ್ ಒನ್ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ನಾಶಮಾಡುತ್ತದೆ. ದಾನಿಯ ಐಲೆಟ್‌ಗಳನ್ನು ಬೇರ್ಪಡಿಸಿ, ಯಕೃತ್ತಿಗೆ ಸಾಗುವ ರಕ್ತನಾಳದೊಳಗೆ ಹರಿಸಿದರೆ ಅವು ಅಲ್ಲಿ ನೆಲೆಯೂರಿ ಇನ್ಸುಲಿನ್ ಸ್ರವಿಸತೊಡಗುತ್ತವೆ. 1893ರಲ್ಲಿ ಬ್ರಿಸ್ಟಲ್‌ನಲ್ಲಿ ಕುರಿಯ ಗ್ರಂಥಿಯ ತುಣುಕುಗಳನ್ನು ಕಸಿಮಾಡಿಸಿಕೊಂಡ 15 ವರ್ಷದ ಬಾಲಕ ಮೂರೇ ದಿನ ಬದುಕಿದ್ದ. 2000ದಲ್ಲಿ ಕೆನಡಾದ ಎಡ್ಮಂಟನ್‌ನಿಂದ, ಕಸಿ ಪಡೆದ 7 ರೋಗಿಗಳೂ ಇನ್ಸುಲಿನ್‌ನಿಂದ ಮುಕ್ತರಾದ ವರದಿ ಬಂದಿತು. 2008ರಿಂದ ಇಲ್ಲಿನ ಎನ್‌ಎಚ್‌ಎಸ್ ಈ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತಿದೆ.

ಇದು ಎಲ್ಲರಿಗೂ ಸಲ್ಲುವ ಚಿಕಿತ್ಸೆಯಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು ಬೆನ್ನುಬಿಡುವುದಿಲ್ಲ. ಅವುಗಳೊಡನೆ ಸೋಂಕು, ಕ್ಯಾನ್ಸರ್‌ಗಳ ಅಪಾಯವೂ ಉಂಟು. ಹಲವರು ವರ್ಷಗಳ ಬಳಿಕ ಇನ್ಸುಲಿನ್‌ಗೆ ಮರಳುತ್ತಾರೆ. ಆದರೆ ಯಾವ ಮುನ್ಸೂಚನೆಯೂ ಇಲ್ಲದೆ ಸಕ್ಕರೆ ಕುಸಿದು, ನಿದ್ದೆಯಲ್ಲೋ ದಾರಿಯಲ್ಲೋ ಪ್ರಜ್ಞೆ ತಪ್ಪುವವರಿಗೆ ಇದು ಸಾವಿನ ಭಯದಿಂದ ದೊರೆಯುವ ಬಿಡುಗಡೆ. ಅಂಥ ಒಬ್ಬರಿಗೆ ಅನೇಕ ವೇಳೆ ಇಬ್ಬರು ದಾನಿಗಳು ಬೇಕಾಗುತ್ತಾರೆ.

ದಾನಿಗಳೆಲ್ಲಿ? ನಿರಾಕರಿಸದವರೆಲ್ಲರೂ ಒಪ್ಪಿದಂತೆ ಎಂಬ ಕಾನೂನು 2020ರಿಂದ ಇಂಗ್ಲೆಂಡಿನಲ್ಲಿದೆಯಲ್ಲ ಎಂದು ನಾವು ಸಮಾಧಾನ ತಾಳುತ್ತೇವೆ. ಅದು ಹುಸಿ ಸಮಾಧಾನ. ಆ ಗಳಿಗೆಯಲ್ಲಿ ವೈದ್ಯರು ಮನೆಯವರನ್ನು ಕೇಳಿಯೇ ಕೇಳುತ್ತಾರೆ. ದಕ್ಷಿಣ ಏಷ್ಯಾ ಮೂಲದ ಕುಟುಂಬಗಳು ಇತರರಿಗಿಂತ ಹೆಚ್ಚಾಗಿ ‘ಬೇಡ’ ಎನ್ನುತ್ತವೆ. ದೇಹ ಅಖಂಡವಾಗಿ ಚಿತೆಗೇರಬೇಕೆಂಬುದು ನಮ್ಮ ವಾದ. ಬೆಂಕಿ ಏನನ್ನು ಉಳಿಸೀತು? ಅಂಗದಾನ ಸಾಧ್ಯವಾಗುವುದೇ ಆಸ್ಪತ್ರೆಯಲ್ಲಿ, ಕೆಲವೇ ಸಾವುಗಳಲ್ಲಿ. ಆದ್ದರಿಂದ ಒಂದೊಂದು ನಿರಾಕರಣೆಯೂ ದುಬಾರಿ.

ಡಾ. ರಾಜ್‌ಕುಮಾರ್, ಪುನೀತ್ ಅವರ ನೇತ್ರದಾನಕ್ಕೆ ಕಣ್ಣೀರಿಟ್ಟು ಕೈಮುಗಿದವರು ನಾವು. ಕೈಮುಗಿಯುವುದು ಸುಲಭ, ಅನುಸರಿಸುವುದು ಕಷ್ಟ. ನಮ್ಮ ಮಕ್ಕಳಿಗೆ ಕಾಯಿಲೆ ಬಂದರೆ ಅನ್ಯರ ದಾನವನ್ನು ಸಂಕೋಚವಿಲ್ಲದೆ ಸ್ವೀಕರಿಸುವೆವಲ್ಲವೇ?

ದಾನಿಗಳ ಪಟ್ಟಿಯಲ್ಲಿ ಹೆಸರು ನೋಂದಾಯಿಸೋಣ. ಅದಕ್ಕಿಂತ ಮುಖ್ಯವಾಗಿ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಇಚ್ಛೆಯನ್ನು ಮನೆಯವರಿಗೆ ಸ್ಪಷ್ಟವಾಗಿ ತಿಳಿಸೋಣ. ಆ ಗಳಿಗೆಯಲ್ಲಿ ಉತ್ತರಿಸಬೇಕಾದವರು ಅವರೇ.