ವರ್ಷ ಕೇಳುವ ಮುನ್ನ ಗಾಡಿಯ ಅಡಿಭಾಗ ನೋಡಿ

ಮಿಶಿಗನ್ನಿನಲ್ಲಿ ಎಲೆಗಳು ಉದುರತೊಡಗಿದವೆಂದರೆ ನಮ್ಮ ಕೂಟದ ಕುಟುಂಬಗಳ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ರಾಜ್ಯೋತ್ಸವದ ಊಟದ ಸಾಲಿನಲ್ಲಾಗಲಿ, ವಾಟ್ಸ್ಯಾಪ್ ಗುಂಪಿನಲ್ಲಾಗಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಎಸ್‌ಯುವಿ ನೋಡುತ್ತಿದ್ದೇವೆ, ಯಾವ ವರ್ಷದ್ದು ಒಳ್ಳೆಯದು?" ಉತ್ತರಗಳಿಗೂ ಕೊರತೆಯಿಲ್ಲ. ಒಬ್ಬರು 2009ರದು ಎನ್ನುತ್ತಾರೆ, ಇನ್ನೊಬ್ಬರು 2016ಕ್ಕಿಂತ ಹಿಂದಿನದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಉಪ್ಪು ಸುರಿಯುವ ರಸ್ತೆಗಳ ಈ ರಾಜ್ಯದಲ್ಲಿ ಅವು ಅರ್ಧ ಉತ್ತರಗಳು ಎಂಬುದು ನನ್ನ ಅಭಿಪ್ರಾಯ.

ನಮ್ಮವರು ಹೆಚ್ಚಾಗಿ ವಿಚಾರಿಸುವ ಟೊಯೋಟಾ ಫೋರ್‌ರನ್ನರ್ ಗಾಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದಕ್ಕೂ ಮೊದಲು ಒಂದು ಸಣ್ಣ ಗೊಂದಲವನ್ನು ನಿವಾರಿಸಬೇಕು. ಊರಿನಲ್ಲಿ ಗಾಡಿಯ ವಯಸ್ಸನ್ನು ನಾವು ರಿಜಿಸ್ಟ್ರೇಷನ್ ವರ್ಷದಿಂದ ಎಣಿಸುತ್ತೇವೆ. ಇಲ್ಲಿ ಲೆಕ್ಕಕ್ಕೆ ಬರುವುದು ಮಾಡೆಲ್ ವರ್ಷ. 2019ರ ಶರತ್ಕಾಲದಲ್ಲಿ ಮಾರಾಟವಾದ ಗಾಡಿ 2020ರ ಮಾಡೆಲ್ ಆಗಿರಬಹುದು. ಹದಿನೇಳು ಅಕ್ಷರಾಂಕಗಳ ವಿನ್ ಸಂಖ್ಯೆಯಲ್ಲಿ ಹತ್ತನೆಯ ಸ್ಥಾನವನ್ನು ನೋಡಿದರೆ ಇದು ಖಚಿತವಾಗುತ್ತದೆ: ಅಲ್ಲಿ 'ಎ' ಇದ್ದರೆ 2010, 'ಇ' ಇದ್ದರೆ 2014, 'ಎಲ್' ಇದ್ದರೆ 2020. ಮಾರುವವರ ಜಾಹೀರಾತಿಗಿಂತ ಈ ಒಂದು ಅಕ್ಷರವನ್ನು ನಂಬುವುದು ಮೇಲು.

ಐದನೆಯ ತಲೆಮಾರಿನ ಫೋರ್‌ರನ್ನರ್ 2010ರಿಂದ 2024ರ ವರೆಗೆ, ಅಂದರೆ ಹದಿನೈದು ಮಾಡೆಲ್ ವರ್ಷಗಳ ಕಾಲ ನಡೆದು ಬಂತು. ಇಷ್ಟು ದೀರ್ಘಕಾಲ ಅದೇ 4.0 ಲೀಟರ್ ವಿ-6 ಎಂಜಿನ್, ಅದೇ ಐದು ಗೇರುಗಳ ಆಟೊಮ್ಯಾಟಿಕ್. ಪೆಟ್ರೋಲ್ ಕುಡಿಯುವುದರಲ್ಲಿಯೂ ಅದೇ ಔದಾರ್ಯ: ಗ್ಯಾಲನ್ನಿಗೆ ಸುಮಾರು ಹದಿನೇಳು ಮೈಲಿ. ಹೀಗಿರುವಾಗ ಎಂಜಿನ್ನಿನ ಕಾರಣಕ್ಕಾಗಿ 2015ಕ್ಕಿಂತ 2017 ಉತ್ತಮವೆಂದು ವಾದಿಸುವುದರಲ್ಲಿ ಹುರುಳಿಲ್ಲ. 2014ರಲ್ಲಿ ಮುಖ ಬದಲಾಯಿತು, ಒಳಾಂಗಣ ತುಸು ಸುಧಾರಿಸಿತು. ನಿಜವಾದ ಗಡಿ 2020. ಆ ವರ್ಷ ಎದುರಿನ ಅಪಾಯವನ್ನು ಗ್ರಹಿಸಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ, ಪಥ ತಪ್ಪಿದಾಗ ಎಚ್ಚರಿಸುವ ಸೌಲಭ್ಯ ಮುಂತಾದವು ಎಲ್ಲ ಫೋರ್‌ರನ್ನರ್‌ಗಳಿಗೂ ಬಂದವು. 2025ರಿಂದ ಗಾಡಿಯೇ ಬೇರೆ: 2.4 ಲೀಟರ್ ಟರ್ಬೊ ಎಂಜಿನ್, ಎಂಟು ಗೇರು. ಹೊಸ ತಲೆಮಾರಿನ ಮೊದಲ ವರ್ಷದ ಗಾಡಿಯನ್ನು ಹಳೆಯದಾಗಿ ಕೊಳ್ಳಲು ಅವಸರಪಡಬಾರದೆಂಬುದು ನನ್ನ ಮತ. ಅದರ ಗುಣದೋಷಗಳು ಬೇರೆಯವರ ಖರ್ಚಿನಲ್ಲಿ ಹೊರಬೀಳಲಿ.

ಹಾಗಾದರೆ ಯಾವುದು? ಮನೆಯಲ್ಲಿ ಹದಿನಾರು ತುಂಬಿ ಲೈಸೆನ್ಸ್ ಪಡೆಯುವ ಮಗನೋ ಮಗಳೋ ಇದ್ದರೆ, ಹಣ ಹೊಂದಿಸಿಕೊಂಡು 2020 ಅಥವಾ ಅನಂತರದ್ದನ್ನೇ ಕೊಳ್ಳಿ ಎನ್ನುತ್ತೇನೆ. ಮೊದಲ ಹಿಮದಲ್ಲಿ ಎಳೆಯ ಚಾಲಕರಿಗೆ ಒದಗುವ ಅರ್ಧ ಕ್ಷಣದ ನೆರವು ಸನ್‌ರೂಫ್‌ಗಿಂತ, ಚರ್ಮದ ಸೀಟಿಗಿಂತ ದೊಡ್ಡದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಮಕ್ಕಳ ಕೈಗೆ ಕೊಡಲು ಈ ಗಾಡಿಯೇ ನನ್ನ ಮೊದಲ ಆಯ್ಕೆಯಲ್ಲ. ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಸಂಸ್ಥೆಯ ಪರೀಕ್ಷೆಯಲ್ಲಿ, ಗಾಡಿಯ ಮುಂಭಾಗದ ಒಂದು ಮೂಲೆಗೆ ಮಾತ್ರ ಪೆಟ್ಟು ಬೀಳುವ ಡಿಕ್ಕಿಗೆ ಈ ತಲೆಮಾರು ಪಡೆದದ್ದು ನಾಲ್ಕು ದರ್ಜೆಗಳಲ್ಲಿ ಮೂರನೆಯದಾದ 'ಮಾರ್ಜಿನಲ್'. ಎತ್ತರದ, ಭಾರದ ಗಾಡಿಯಲ್ಲಿ ಕುಳಿತರೆ ಸುರಕ್ಷಿತವೆಂಬ ನಮ್ಮ ಭಾವನೆಯನ್ನು ಇಂತಹ ಫಲಿತಾಂಶಗಳು ಸ್ವಲ್ಪ ಅಲುಗಾಡಿಸಬೇಕು.

ವರ್ಷದ ಚರ್ಚೆಯಲ್ಲಿ ಮುಳುಗಿ ನಮ್ಮವರು ಮರೆಯುವ ಇನ್ನೊಂದು ಸಂಗತಿ ಟ್ರಿಮ್. ಎಸ್‌ಆರ್5 ಮತ್ತು ಟಿಆರ್‌ಡಿ ಆಫ್‌ರೋಡ್ ಮಾದರಿಗಳಲ್ಲಿರುವುದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಸಾಮಾನ್ಯವಾಗಿ ಹಿಂದಿನ ಚಕ್ರಗಳು ಮಾತ್ರ ಗಾಡಿಯನ್ನು ದೂಡುತ್ತವೆ. ಹಿಮವೋ ಕೆಸರೋ ಬಂದಾಗ ನಾವೇ ಬದಲಾಯಿಸಬೇಕು. ಒಣ ಡಾಂಬರು ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದಾಗ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಲಿಮಿಟೆಡ್ ಮಾದರಿಯಲ್ಲಿ ನಡುವೆ ಡಿಫರೆನ್ಷಿಯಲ್ ಇರುವುದರಿಂದ ನಾಲ್ಕೂ ಚಕ್ರಗಳು ಸದಾ ಕೆಲಸ ಮಾಡುತ್ತವೆ. ನಮ್ಮ ಚಳಿಗಾಲದ ರಸ್ತೆಯೋ ಒಂದು ಮೈಲಿ ಒಣಗಿರುತ್ತದೆ, ಮುಂದಿನ ಸೇತುವೆಯ ಮೇಲೆ ಮಂಜುಗಡ್ಡೆ. ಇಂತಹ ರಸ್ತೆಗೆ, ಮನೆಮಂದಿಯೆಲ್ಲ ಓಡಿಸುವ ಗಾಡಿಗೆ, ಲಿಮಿಟೆಡ್ ಮಾದರಿಯೇ ಹೊಂದುತ್ತದೆ. ಟಿಆರ್‌ಡಿ ಎಂಬ ಹೆಸರಿಗೆ ಹೆಚ್ಚಿನ ಬೆಲೆ ತೆರುವವರು, ತಾವು ಬಂಡೆ ಹತ್ತುವುದು ವರ್ಷಕ್ಕೆ ಎಷ್ಟು ದಿನ ಎಂದು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.

ಈಗ ಮುಖ್ಯವಾದ ಮಾತು. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ನಾವು ಓಡಾಡುವುದು ಉಪ್ಪಿನ ಮೇಲೆ. ಫೋರ್‌ರನ್ನರ್‌ನ ದೇಹ ಕುಳಿತಿರುವುದು ಉಕ್ಕಿನ ಚಾಸಿಯ ಮೇಲೆ, ಲಾರಿಯ ಹಾಗೆ. ಆ ಚಾಸಿ ತುಕ್ಕು ಹಿಡಿದು ಟೊಳ್ಳಾದರೆ ಎಂಜಿನ್ ಮೂರು ಲಕ್ಷ ಮೈಲಿ ಓಡಬಲ್ಲುದಾಗಿದ್ದರೂ ಪ್ರಯೋಜನವಿಲ್ಲ. ಇದೇ ಕಂಪನಿಯ ಟಕೋಮ, ಟಂಡ್ರಾ, ಸಿಕೋಯ ಗಾಡಿಗಳ ಕೆಲವು ವರ್ಷಗಳ ಚಾಸಿ ತುಕ್ಕಿನ ವಿಷಯ ನ್ಯಾಯಾಲಯದ ಮೆಟ್ಟಿಲೇರಿ ದೊಡ್ಡ ಮೊತ್ತದ ಒಪ್ಪಂದದಲ್ಲಿ ಕೊನೆಗೊಂಡಿತು. ಆ ಪಟ್ಟಿಯಲ್ಲಿ ಫೋರ್‌ರನ್ನರ್ ಇರಲಿಲ್ಲ, ಆದ್ದರಿಂದ ಅದರ ಚಾಸಿ ಕೆಟ್ಟರೆ ಹೊರೆ ಕೊಂಡವರದೇ. ಮಿಶಿಗನ್ನಿನಲ್ಲಿ ವಾರ್ಷಿಕ ಸುರಕ್ಷತಾ ತಪಾಸಣೆಯ ಕಡ್ಡಾಯವೂ ಇಲ್ಲ. ಕೊಳ್ಳುವವರೇ ತಪಾಸಕರಾಗಬೇಕು.

ಆದ್ದರಿಂದ ನನ್ನ ಲೆಕ್ಕದಲ್ಲಿ, ಹತ್ತು ಚಳಿಗಾಲ ಇಲ್ಲಿಯೇ ಕಳೆದ 2016ರ ಗಾಡಿಗಿಂತ ಟೆನೆಸಿಯಲ್ಲೋ ಜಾರ್ಜಿಯಾದಲ್ಲೋ ಬಾಳಿದ 2012ರ ಗಾಡಿ ಮೇಲು. ಗಾಡಿ ಯಾವ ಯಾವ ರಾಜ್ಯಗಳಲ್ಲಿ ನೋಂದಣಿಯಾಗಿತ್ತೆಂಬುದು ಅದರ ಇತಿಹಾಸದ ವರದಿಯಲ್ಲಿ ದೊರೆಯುತ್ತದೆ. ದಕ್ಷಿಣದಿಂದ ಬಂದದ್ದಾದರೆ ಪ್ರವಾಹದಲ್ಲಿ ಮುಳುಗಿತ್ತೇ ಎಂದೂ ನೋಡಬೇಕು: ಕಾರ್ಪೆಟ್ಟಿನ ಅಡಿಯ ಮಣ್ಣು, ಸೀಟಿನ ಬೋಲ್ಟುಗಳ ತುಕ್ಕು ನಿಜ ಹೇಳುತ್ತವೆ. ನಮಗೆ ಪರಿಚಯದ ಮೆಕ್ಯಾನಿಕ್ ಬಳಿ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ, ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ಕೆಟ್ಟದ್ದು ಮಂದವಾಗಿ ಸದ್ದು ಮಾಡುತ್ತದೆ. ಹಿಂದಿನ ಚಕ್ರಗಳ ಮೇಲಿನ ಭಾಗ ಮತ್ತು ಬ್ರೇಕ್ ದ್ರವದ ಕೊಳವೆಗಳನ್ನು ವಿಶೇಷವಾಗಿ ಪರಿಶೀಲಿಸಲಿ. ಅಡಿಭಾಗಕ್ಕೆ ಇತ್ತೀಚೆಗೆ ದಪ್ಪನೆಯ ಕಪ್ಪು ಲೇಪ ಬಳಿದಿದ್ದರೆ ಸಂಶಯಪಡಿ. ಲೇಪ ತುಕ್ಕನ್ನು ತಡೆಯುವುದೂ ಉಂಟು, ಮುಚ್ಚಿಡುವುದೂ ಉಂಟು. ಈ ತಪಾಸಣೆಗೆ ಒಪ್ಪದ ಮಾರಾಟಗಾರರಿಗೆ, ಅವರು ನಮ್ಮ ಕೂಟದ ಹಿರಿಯರ ಸ್ನೇಹಿತರೇ ಆಗಿದ್ದರೂ, ವಿನಯದಿಂದ ನಮಸ್ಕಾರ ಹೇಳಿ ಬರುವುದು ಲೇಸು. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

2009ರ ಅಭಿಮಾನಿಗಳಿಗೆ ಒಂದು ಮಾತು. ಅದು ನಾಲ್ಕನೆಯ ತಲೆಮಾರಿನ ಕೊನೆಯ ವರ್ಷ, ಅದರ 4.7 ಲೀಟರ್ ವಿ-8 ಸೊಗಸಾದ ಎಂಜಿನ್, ನಿಜ. ಆದರೆ ಅದಕ್ಕೆ 90,000 ಮೈಲಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸಬೇಕು. ರಸೀದಿ ತೋರಿಸಿದರೆ ಮಾತ್ರ ಮಾತುಕತೆ ಮುಂದುವರಿಯಲಿ.

ಇಷ್ಟೆಲ್ಲ ಹೇಳಿದ ಮೇಲೆ, ಈ ಬಗೆಯ ಗಾಡಿ ನಮಗೆ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಫೋರ್ ವೀಲ್ ಡ್ರೈವ್ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ನಿಲ್ಲಿಸಲು ನೆರವಾಗುವುದಿಲ್ಲ. ನಿಲ್ಲಿಸುವುದು ಟೈರು. ಉಷ್ಣಾಂಶ 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದಾಗ ಸಾಮಾನ್ಯ ಟೈರಿನ ರಬ್ಬರು ಬಿರುಸಾಗುತ್ತದೆ. ಚಳಿಗಾಲದ ಟೈರು ಮೃದುವಾಗಿಯೇ ಉಳಿದು ರಸ್ತೆಯನ್ನು ಹಿಡಿಯುತ್ತದೆ. ಹಳ್ಳಿಗಾಡಿನ ರಸ್ತೆಯಾಗಲಿ, ಎಳೆಯುವ ಟ್ರೈಲರಾಗಲಿ ಇಲ್ಲದ ಕುಟುಂಬ, ಈಗಿರುವ ಕ್ಯಾಮ್ರಿಗೋ ಸಿವಿಕ್‌ಗೋ ನಾಲ್ಕು ಒಳ್ಳೆಯ ಚಳಿಗಾಲದ ಟೈರು ಹಾಕಿಸಿ ಉಳಿದ ಹಣವನ್ನು ಮಕ್ಕಳ ಕಾಲೇಜಿಗೆ ಎತ್ತಿಟ್ಟರೆ ನಾನು ಆಕ್ಷೇಪಿಸುವುದಿಲ್ಲ.

ಆದರೂ ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಹಣ ಕೊಡುವ ಮುನ್ನ ವಿನ್ ಸಂಖ್ಯೆಯನ್ನು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿ ನೋಡಲಿ. 2010ರಿಂದ 2016ರ ವರೆಗಿನ ಫೋರ್‌ರನ್ನರ್‌ಗಳೂ ತಕಾಟಾ ಏರ್‌ಬ್ಯಾಗ್ ಮರುಕರೆಗೆ ಒಳಪಟ್ಟಿವೆ. ಬದಲಾಯಿಸದೆ ಉಳಿದಿದ್ದರೆ ಡೀಲರು ಉಚಿತವಾಗಿ ಬದಲಿಸಿಕೊಡುತ್ತಾರೆ. ಟೈರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ: 3518 ಎಂದಿದ್ದರೆ ಅದು 2018ರ ಮೂವತ್ತೈದನೆಯ ವಾರದಲ್ಲಿ ತಯಾರಾದದ್ದು. ಹೊಸ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಸೇರಿಸಬಹುದು.