ಪುಟ್ಟ ವಿಮಾನದ ರೆಕ್ಕೆಗೆ ಯಾವ ವೃತ್ತ?

ಪುಣೆಯ ಕೋಥರೂಡಿನಲ್ಲಿರುವ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯಕ್ಕೆ ಜನ ಟಿಕೆಟ್ ಕೊಂಡು ಹೋಗುತ್ತಾರೆ. ಅದೇ ಊರಿನಲ್ಲಿ ಯಾರಾದರೂ ಮನೆಯ ಮೇಜಿನ ಮೇಲೆ ಟೈಗರ್ ಮಾತ್ ವಿಮಾನದ ಮಾದರಿ ಕಟ್ಟುತ್ತಾ ಕೂತರೆ ಅದು ಆಟಿಕೆ.

ಒಂದರ ಮೇಲೊಂದು ರೆಕ್ಕೆಯಿದ್ದ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ರೆಕ್ಕೆಯ ಹರವು ಸುಮಾರು 8.9 ಮೀಟರ್, 72ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ 12 ಸೆಂಟಿಮೀಟರ್ ಚಿಲ್ಲರೆ. ಆಗ ರೆಕ್ಕೆಗಳನ್ನು ಬಿಗಿಯುವ ತಂತಿಗಳು ಕೂದಲೆಳೆಯಷ್ಟಿರಬೇಕು. ಗಾಳದ ದಾರ ದಪ್ಪವಾದರೆ ಬಟ್ಟೆ ಒಣಹಾಕುವ ಹಗ್ಗದಂತೆ ಕಾಣುತ್ತದೆ. ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಎಳೆದ ಎಳೆಯೇ ವಾಸಿ.

ತಂತಿಗೆ ಇಷ್ಟು ಹಟ ಹಿಡಿಯುವವರೂ ರೆಕ್ಕೆಯ ಮೇಲಿನ ವೃತ್ತದ ಹತ್ತಿರ ಬಂದಾಗ ಕೈಬಿಡುತ್ತಾರೆ. ಡಬ್ಬಿಯಲ್ಲಿ ಬ್ರಿಟಿಷ್ ವಾಯುಪಡೆಯ ಡಿಕ್ಯಾಲ್ ಇದೆ, ಅಂಟಿಸಿದರಾಯಿತು! ಇದು ಬರೀ ಸೋಮಾರಿತನ. ಇದೇ ವಿಮಾನದಲ್ಲಿ ಭಾರತೀಯರೂ ಹಾರಲು ಕಲಿತರು. ಶೋಕೇಸಿನಲ್ಲಿ ನೋಡುವ ಮೊಮ್ಮಗು ಅದನ್ನು ಪರದೇಶದ್ದೆಂದೇ ತಿಳಿಯುತ್ತದೆ.

ಎರಡನೇ ಮಹಾಯುದ್ಧದಲ್ಲಿ, ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿದು ತಮ್ಮವರೇ ಗುಂಡು ಹಾರಿಸಿಯಾರೆಂದು ಈ ಭಾಗದ ವಿಮಾನಗಳ ವೃತ್ತದಿಂದ ಕೆಂಪನ್ನೇ ತೆಗೆದರು. ಸ್ವಾತಂತ್ರ್ಯದ ನಂತರ ಕೆಲಕಾಲ ನೀಲಿ ಅಶೋಕ ಚಕ್ರ, ಆಮೇಲೆ ಕೇಸರಿ, ಬಿಳಿ, ಹಸಿರು. ಕಟ್ಟುತ್ತಿರುವುದು ಯಾವ ವರ್ಷದ ವಿಮಾನ ಎಂಬುದನ್ನು ಈ ವೃತ್ತವೇ ಹೇಳುತ್ತದೆ. ಅದನ್ನು ತೀರ್ಮಾನಿಸದೆ ಬಣ್ಣದ ಮುಚ್ಚಳ ತೆರೆಯಬಾರದು. ಭಾರತದ ಡಿಕ್ಯಾಲ್ ಸಿಗದಿದ್ದರೆ ಕೈವಾರ ಹಿಡಿದು ಕಾಗದ ಕತ್ತರಿಸಿ, ಕೈಯಲ್ಲೇ ಬಳಿಯಬೇಕು. ಅಂಚು ತುಸು ಸೊಟ್ಟಗಾದೀತು, ಆಗಲಿ. ಪುಣೆಯ ಮಳೆಗಾಲದಲ್ಲಾದರೆ ಒಣಗಲು ಎರಡು ದಿನ ಹೆಚ್ಚು ಬಿಡಬೇಕು, ಅಷ್ಟೆ.